ದೇವರಿಗಿಂತ ಮೊದಲು ಮೈಸೂರು ಮುಟ್ಟಿದ ಪತ್ರಿಕೆ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಚ್ಚಿನ ಮೊಳೆ ಜೋಡಿಸುವುದರಿಂದ ಹಿಡಿದು ಮೂರು ಬಣ್ಣದ ಸ್ಕ್ರೀನ್ ಪ್ರಿಂಟಿಂಗ್‌ವರೆಗೆ ಎಲ್ಲವನ್ನೂ ಕೈಯಲ್ಲೇ ಕಲಿತೆ. ಸುಲ್ತಾನ್‌ಪೇಟೆಯ ನನ್ನ ಅಂಗಡಿಯಿಂದ ಹೊರಟ ಲಗ್ನಪತ್ರಿಕೆಯಲ್ಲಿ ಒಂದು ಒತ್ತು ತಪ್ಪಿದ್ದನ್ನು ಇವತ್ತಿನವರೆಗೆ ಯಾರೂ ತೋರಿಸಿಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೂ ಸರಿಯೇ.

ಮೊದಲೆಲ್ಲ ನನ್ನ ಪತ್ರಿಕೆಗಳ ಫೋಟೋಗಳನ್ನು ಎಲ್ಲರೂ ಇರುವ ಒಂದು ದೊಡ್ಡ ಆ್ಯಪ್‌ನಲ್ಲಿ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಖಾತೆಯೇ ಮುಚ್ಚಿತ್ತು. ಯಾಕೆ ಅಂತ ಎಷ್ಟು ಸಲ ಬರೆದು ಕೇಳಿದರೂ ಯಂತ್ರದಿಂದ ಬಂದ ಅದೇ ಒಂದು ವಾಕ್ಯ. ಜಗಳ ಆಡುವುದಕ್ಕೂ ಒಬ್ಬ ಮನುಷ್ಯ ಸಿಗಲಿಲ್ಲ.

ಆಗ ನನ್ನನ್ನು ಕರೆದವರು ವೈಯಾಲಿಕಾವಲ್‌ನ ಒಬ್ಬ ಗಿರಾಕಿ, ಕಾಲೇಜಿನ ಲ್ಯಾಬಿನಲ್ಲಿದ್ದು ನಿವೃತ್ತರಾದವರು.

"ಯಜಮಾನ್ರೇ, ನಮ್ಮ ಕಡೆ ಬಂದ್ಬಿಡಿ. ಫೋಟೋ, ಮಾತು ಹಂಚ್ಕೊಳ್ಳೋಕೆ ಅಂತ ಒಂದು ಸಣ್ಣ ಸರ್ವರ್ ನಡೆಸ್ತಿದೀನಿ. ಇನ್ನೂರು ಜನ ಇದೀವಿ."

"ಇನ್ನೂರು ಜನಕ್ಕೆ ತೋರಿಸಿ ಏನ್ ಮಾಡ್ಲಿ ಸಾರ್?"

"ನಿಮ್ಮ ಬೀದಿ ಹೇಗಿದೆ? ನಿಮ್ಮಲ್ಲಿ ಕವರ್ ಖಾಲಿ ಆದ್ರೆ ಪಕ್ಕದಂಗಡಿಯಿಂದ ತರ್ತೀರಲ್ವಾ? ಅವರವರ ಷಟರು, ಅವರವರ ಬೀಗ, ಆದ್ರೆ ಗಿರಾಕಿಗೆ ಇಡೀ ಬೀದಿ ಒಂದೇ. ಇದೂ ಹಂಗೇ. ಇಂಥ ಸರ್ವರ್‌ಗಳು ಎಷ್ಟೋ ಇವೆ, ಒಂದಕ್ಕೊಂದು ಮಾತಾಡ್ತವೆ. ಎಲ್ಲದಕ್ಕೂ ಯಜಮಾನ ಅಂತ ಯಾರೂ ಇಲ್ಲ. ಸಾಫ್ಟ್‌ವೇರನ್ನೂ ಯಾರೂ ಬಚ್ಚಿಟ್ಟಿಲ್ಲ, ಬೇಕಾದೋರು ಬಿಚ್ಚಿ ನೋಡ್ಬಹುದು, ತಿದ್ಕೋಬಹುದು."

ಯಜಮಾನ ಇಲ್ಲ ಅನ್ನುವ ಮಾತು ನನಗೆ ಹಿಡಿಸಿತು. ಅವತ್ತೇ ಸೇರಿದೆ.

ಚಾಮರಾಜಪೇಟೆಯ ಒಂದು ಮನೆಯವರು ನಮ್ಮ ತಂದೆಯ ಕಾಲದಿಂದಲೂ ಪತ್ರಿಕೆಗೆ ನಮ್ಮಲ್ಲಿಗೇ ಬರುತ್ತಾರೆ. ಆ ಮನೆಯ ಅಜ್ಜಿಯದು ಒಂದು ಕಟ್ಟುನಿಟ್ಟು: ಮೊದಲ ಪತ್ರಿಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ಮನೆದೇವರ ಮುಂದೆ ಕೂರಬೇಕು. ಎರಡನೆಯದು ಹುಡುಗಿಯ ಸೋದರಮಾವನ ಕೈಗೆ. ಅಲ್ಲಿಯವರೆಗೆ ಹೊರಗಿನವರ ಕಣ್ಣು ಬೀಳುವಂತಿಲ್ಲ. ಅದಕ್ಕೇ ಅವರ ಕಟ್ಟನ್ನು ನಾನೇ ಸುತ್ತಿ ದಾರ ಬಿಗಿಯುವುದು.

ಈಗ ಅವರ ಮೊಮ್ಮಗಳ ಮದುವೆ. ಆ ಗುರುವಾರ ಬೆಳಿಗ್ಗೆ ನೀಲಿಯ ಮೇಲೆ ಹಸಿರು ಕೂತು, ಸರಿಯಾಗಿ ನವಿಲಿನ ಕತ್ತಿನ ಬಣ್ಣ ಬಂತು. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದೆ, ಫೋಟೋ ತೆಗೆದೆ, ಹಾಕಿಬಿಟ್ಟೆ. ಆಮೇಲೆ ಅದೇ ಕೈಯಲ್ಲಿ ಕಟ್ಟಿಗೆ ದಾರ ಬಿಗಿದೆ! ಕಾಫಿ ಕುಡಿಯುವಾಗ ನೆನಪಾಯಿತು. ಲೋಟ ಅಲ್ಲೇ ಇಟ್ಟೆ.

ತಕ್ಷಣ ಡಿಲೀಟ್ ಮಾಡಿದೆ. ಹೋಯಿತೇ ಅಂತ ನೋಡಿದೆ, ಹೋಗಿತ್ತು. ಮತ್ತೆ ನೋಡಿದೆ. ಮತ್ತೂ ನೋಡಿದೆ. ಅರ್ಧ ಗಂಟೆ ಕಳೆದು ಮೈಸೂರಿನ ಒಂದು ಸರ್ವರ್‌ನಲ್ಲಿರುವ ಯಾರೋ ನನಗೆ ಬರೆದರು: "ಎಂಥ ಬಣ್ಣ! ಮದುವೆಗೆ ನಾವೂ ಬರಬಹುದಾ?"

ವೈಯಾಲಿಕಾವಲ್‌ಗೆ ಫೋನ್ ಮಾಡಿದೆ.

"ನೀವು ಅಳಿಸಿದ್ದು ನಮ್ಮ ಸರ್ವರ್‌ನಲ್ಲಿ ಮಾತ್ರ," ಅಂದರು ಅವರು. "ನಿಮ್ಮನ್ನ ಫಾಲೋ ಮಾಡೋರು ಬೇರೆ ಸರ್ವರ್‌ನಲ್ಲಿದ್ರೆ, ಅಲ್ಲಿಗೂ ಒಂದು ಕಾಪಿ ಹೋಗಿರತ್ತೆ. ಅಳಿಸಿ ಅಂತ ಹಿಂದೇನೇ ಸುದ್ದೀನೂ ಹೋಗತ್ತೆ. ಮುಕ್ಕಾಲುಪಾಲು ಕೇಳ್ತವೆ. ಮೈಸೂರಿನದು ಕೇಳಿಲ್ಲ ಅನ್ಸತ್ತೆ."

"ಹಂಗಾದ್ರೆ ನೀವೇ ತೆಗೀರಿ ಸಾರ್!"

"ನನ್ನ ಕೈಲಾಗಲ್ಲ. ಅದು ಅವರ ಬೀಗ. ಯಜಮಾನ ಇಲ್ಲ ಅಂತ ಖುಷಿಪಟ್ಟೋರು ನೀವೇ ಅಲ್ವಾ?"

ಮೈಸೂರಿನ ಸರ್ವರ್ ನಡೆಸುವವರು ಒಬ್ಬ ಶಾಲಾ ಮೇಡಂ. ಅವರಿಗೆ ಬರೆದೆ. ಊಟದ ಬಿಡುವಿನಲ್ಲಿ ಉತ್ತರ ಬಂತು: "ಸ್ಕೂಲಲ್ಲಿದೀನಿ. ಸಂಜೆ ಮನೆಗೆ ಹೋದ ತಕ್ಷಣ ತೆಗೀತೀನಿ. ಕೋಪ ಮಾಡ್ಕೋಬೇಡಿ." ಈ ಸಲ ಮನುಷ್ಯರೇನೋ ಸಿಕ್ಕಿದರು. ಆದರೆ ಹುಡುಗಿಯ ಸೋದರಮಾವ ಇರುವುದೂ ಮೈಸೂರಿನಲ್ಲೇ. ಸಂಜೆಯೊಳಗೆ ಅವರ ಕಣ್ಣಿಗೆ ಬಿದ್ದರೆ? ಕೂತೆ, ಎದ್ದೆ. ಬೀದಿಯ ಕೊನೆಯವರೆಗೆ ಎರಡು ಸಲ ಹೋಗಿ ಬಂದೆ. ಅವರ ಬಾಯಿಂದ ಅಜ್ಜಿಗೆ ಗೊತ್ತಾಗುವ ಮೊದಲು ನನ್ನ ಬಾಯಿಂದ ಗೊತ್ತಾಗಲಿ ಅನ್ನಿಸಿತು. ಕಟ್ಟು ಎತ್ತಿಕೊಂಡು ಚಾಮರಾಜಪೇಟೆಗೆ ನಡೆದೇ ಹೋದೆ.

ಅಜ್ಜಿ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಎಷ್ಟು ಜನ ನೋಡಿದ್ರಪ್ಪಾ?"

"ಗೊತ್ತಿಲ್ಲಮ್ಮ."

"ನಿನ್ನ ಬಾಯಲ್ಲಿ ಆ ಮಾತು ಇವತ್ತೇ ಕೇಳಿದ್ದು." ಎರಡು ಹೂ ಕಟ್ಟಿದರು. "ನನ್ನ ಮೊಮ್ಮಗಳು ಎದ್ದಿದ್ದು ಕೂತಿದ್ದು ಎಲ್ಲಾ ಫೋನಿಗೆ ಹಾಕ್ತಾಳೆ. ಅವಳಿಗೆ ಬೈದು ಸಾಕಾಗಿದೆ. ನಿನಗೂ ಬೈಬೇಕಾಗತ್ತೆ ಅಂದ್ಕೊಂಡಿರ್ಲಿಲ್ಲ."

ಬೈದಿದ್ದರೇ ವಾಸಿಯಾಗಿತ್ತು.

"ಊರಿಗೆ ಹಂಚೋಕೆ ಇದೇ ಇರ್ಲಿ," ಅಂದರು. "ಸೊಸೆ ತಮ್ಮನಿಗೆ ಮೂಗಿನ ತುದೀಲೇ ಸಿಟ್ಟು, ಅವನನ್ನ ನಾನು ನೋಡ್ಕೋತೀನಿ. ದೇವರಿಗೆ ಮಾತ್ರ ಯಾರೂ ನೋಡದೇ ಇರೋದು ಬೇಕು. ಒಂದೇ ಒಂದು. ನಾಳೆ ಬೆಳಿಗ್ಗೆ ತಂದ್ಕೊಡು."

ಒಂದೇ ಪತ್ರಿಕೆಗೆ ಹೊಸದಾಗಿ ಸ್ಕ್ರೀನ್ ಕೂರಿಸಿದೆ. ಈ ಸಲ ದಾಳಿಂಬೆ ಹೂವಿನ ಕೆಂಪು, ಅಂಚಿಗೆ ಚಿನ್ನದ ಗೆರೆ. ನಡುವೆ ಮೈಸೂರಿನ ಮೇಡಂ ಬರೆದರು: "ತೆಗೆದೆ. ತೆಗೆಯೋಕೆ ಮನಸ್ಸೇ ಬರಲಿಲ್ಲ." ಥ್ಯಾಂಕ್ಸ್ ಅಂತ ಹಾಕಿ ಕೆಲಸಕ್ಕೆ ತಿರುಗಿದೆ. ಪತ್ರಿಕೆ ಒಣಗಿದ ಮೇಲೆ ದೀಪಕ್ಕೆ ಹಿಡಿದು ನೋಡಿದೆ. ಇಷ್ಟು ವರ್ಷದಲ್ಲಿ ಇಂಥದ್ದು ನನ್ನ ಕೈಯಿಂದ ಬಂದಿರಲಿಲ್ಲ. ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು. ಕೈ ಹಿಂದಕ್ಕೆಳೆದುಕೊಂಡು ಬಟ್ಟೆಗೆ ಒರೆಸಿದೆ.

ಶುಕ್ರವಾರ ಬೆಳಿಗ್ಗೆ ಕಾಗದದಲ್ಲಿ ಸುತ್ತಿ ಕೊಟ್ಟೆ. ಅಜ್ಜಿ ಬಿಚ್ಚಲಿಲ್ಲ.

"ನೋಡಿಬಿಡಿ ಅಮ್ಮ, ಏನಾದ್ರೂ ತಪ್ಪಿದ್ರೆ..."

"ನಾನ್ಯಾಕೆ ನೋಡ್ಲಿ? ಮೊದ್ಲು ಅವನು ನೋಡ್ಲಿ."

ದೇವರ ಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಕಾಗದ ಬಿಚ್ಚಿದ ಸದ್ದು, ಆಮೇಲೆ ಗಂಟೆ. ನಾನು ನಡುಮನೆಯಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ ನಿಂತಿದ್ದೆ. ಬಾಗಿಲು ತೆರೆದಾಗ ಅಜ್ಜಿಯ ಬೆರಳಲ್ಲಿ ಅರಿಶಿನವಿತ್ತು. ಬಣ್ಣದ ಬಗ್ಗೆ ಒಂದು ಮಾತೂ ಆಡದೆ, ಕಾಫಿ ಕುಡಿದುಕೊಂಡು ಹೋಗು ಅಂದರು. ಹೇಗಿದೆ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವತ್ತು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.