ಅಂಕ ಏರಿದ ಮೇಲೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಅಪ್ಪ ಕುರಿಗಳನ್ನು ಚಿಕ್ಕಪ್ಪನ ಜೊತೆ ಕಳಿಸಿ ಜಗಲಿಯ ಮೇಲೆ ಕೂತಿದ್ದ. ಬಾಗೂರಿನಿಂದ ಹೊಸದುರ್ಗಕ್ಕೆ ದಿನವೂ ಬಸ್ಸಿನಲ್ಲಿ ಓಡಾಡಿ ಓದಿದ ಮಗಳು ನಾನು. ಉಳಿದ ವಿಷಯಗಳಲ್ಲೆಲ್ಲ ತೊಂಬತ್ತು ದಾಟಿತ್ತು. ಭೌತಶಾಸ್ತ್ರದಲ್ಲಿ ಮಾತ್ರ ಐವತ್ತೆಂಟು.

"ಪರೀಕ್ಷೆ ದಿನ ಏನಾಗಿತ್ತೇ ನಿಂಗೆ? ನಿಜ ಹೇಳು."

"ಚೆನ್ನಾಗೇ ಬರ್ದಿದ್ದೆ ಕಣಪ್ಪ."

ಅಪ್ಪ ನಂಬಲಿಲ್ಲ. ನನ್ನ ಫೋನನ್ನು ತನ್ನ ಅಂಗಿ ಜೇಬಿಗೆ ಹಾಕಿಕೊಂಡ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಭೌತಶಾಸ್ತ್ರದ ಮೇಡಂ ಹೇಳಿದಂತೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆ. ಕೊನೆಯ ಪುಟಗಳಲ್ಲಿ ನಾನು ಬಿಡಿಸಿದ್ದ ಲೆಕ್ಕಗಳ ಪಕ್ಕ ಕೆಂಪು ಶಾಯಿಯ ಗುರುತೇ ಇರಲಿಲ್ಲ. ಮೇಡಂ ಮತ್ತೆ ಮತ್ತೆ ತಿರುವಿ ನೋಡಿ, "ಇವನ್ನ ಯಾರೂ ನೋಡೇ ಇಲ್ಲ ಕಣೆ. ಮರುಮೌಲ್ಯಮಾಪನಕ್ಕೆ ಹಾಕು," ಎಂದರು. ಅಂದು ಸಂಜೆ ಅಪ್ಪ ಫೋನ್ ವಾಪಸ್ ಕೊಟ್ಟ, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಎಂಬತ್ತಾರು ಬಂತು. ಆದರೆ ಅಷ್ಟರಲ್ಲಿ ಸೀಟು ಹಂಚಿಕೆಯ ಮೊದಲ ಸುತ್ತು ಹಳೆಯ ಅಂಕದ ಮೇಲೇ ಮುಗಿದಿತ್ತು. ನಾನು ಬಯಸಿದ್ದ ಕೃಷಿ ಪದವಿ ಸಿಗಲಿಲ್ಲ. ಹೊಸ ಅಂಕ ಸೇರಿಸಿ ಎಂದು ಕೇಳಲು ಅಪ್ಪನನ್ನು ಕರೆದುಕೊಂಡು ಚಿತ್ರದುರ್ಗದ ಸೀಟು ಹಂಚಿಕೆ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಹೊಸ ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಒಂದೇ ವಿಷಯದಾಗೆ ಇಷ್ಟು ಹೆಂಗೆ ಜಾಸ್ತಿ ಆತು?"

"ನೋಡದೇ ಬಿಟ್ಟಿದ್ದ ಪುಟ ಈಗ ನೋಡಿದಾರೆ ಸರ್."

"ಎಲ್ರೂ ಹಂಗೇ ಹೇಳ್ತಾರೆ. ನಮ್ಮ ಕಂಪ್ಯೂಟರ್‌ನಾಗೆ ಹಳೇದೇ ಐತೆ. ಇಲಾಖೆಯಿಂದ ಬರ್ಲಿ, ನೋಡಾಣ. ಕುಂತ್ಕಳ್ರಿ."

ಅಪ್ಪ ಕುಳಿತುಕೊಳ್ಳಲಿಲ್ಲ. "ಕಡಿಮೆ ಬಂದಾಗ ಯಾರೂ ಹಿಂಗೆ ಬೆಳಕಿಗೆ ಹಿಡ್ದು ನೋಡ್ಲಿಲ್ವಲ್ರಿ," ಎಂದ. ಅಧಿಕಾರಿ ಮುಂದಿನವರನ್ನು ಕರೆದರು.

ಹೊರಗಿನವರ ಮಾತು ಹಾಗಿರಲಿ, ಹೊಳಲ್ಕೆರೆಯ ಸೋದರತ್ತೆ ಫೋನ್ ಮಾಡಿ, "ಯಾರನ್ನ ಹಿಡ್ದೆ ಅಣ್ಣ? ನಮ್ಮ ಹುಡುಗೀದೂ ಮುಂದಿನ ವರ್ಷ ಐತೆ, ನಂಗೂ ಹೇಳು," ಎಂದಳು. ತಮಾಷೆ ಮಾಡಿದಳೋ ನಿಜಕ್ಕೂ ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಬಹಳ ದಿನ ಅವಳ ಜೊತೆ ಮಾತು ಬಿಟ್ಟ. ಬಸ್ ನಿಲ್ದಾಣದಲ್ಲಿ ಯಾರಾದರೂ ನನ್ನ ಅಂಕ ಕೇಳಿದರೆ, ಹೆಮ್ಮೆಯಿಂದ ಹೇಳುವ ಬದಲು ಅವರ ಮುಖ ಓದಲು ಶುರು ಮಾಡಿದೆ.

ಕೊನೆಯ ಸುತ್ತಿಗೆ ಸ್ವಲ್ಪ ಮುಂಚೆ ಕಂಪ್ಯೂಟರಿನಲ್ಲಿ ಅಂಕ ಬದಲಾಯಿತು. ಕೃಷಿಯ ಸೀಟುಗಳು ಆಗಲೇ ತುಂಬಿದ್ದವು. ಹಿರಿಯೂರಿನಲ್ಲಿ ತೋಟಗಾರಿಕೆ ಸಿಕ್ಕಿತು, ಸೇರಿದೆ. ತಡವಾಗಿ ಬಂದವಳೆಂದು ಹಾಸ್ಟೆಲಿನಲ್ಲಿ ಎಲ್ಲರೂ ಕಾರಣ ಕೇಳಿದರು. ಹುಷಾರಿರಲಿಲ್ಲ ಎಂದು ಹೇಳಿಬಿಟ್ಟೆ.

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಅಪ್ಪನಿಗೆ ಫೋನ್ ಮಾಡಿ ಅಂಕ ಹೇಳಿದೆ.

"ನಿಂಗೆ ಬರ್ಬೇಕಾಗಿದ್ದು ಇಷ್ಟೇನಾ?" ಎಂದು ಕೇಳಿದ.

"ಇಷ್ಟೇ ಅನ್ಸುತ್ತಪ್ಪ."

"ಅನ್ಸೋದಲ್ಲ, ಹೋಗಿ ಕೇಳು."

ಮಾರನೇ ದಿನ ಕಾಲೇಜಿನ ಕಚೇರಿಗೆ ಹೋಗಿ ಉತ್ತರಪತ್ರಿಕೆ ತೋರಿಸಿ ಎಂದು ಕೇಳಿದೆ. ಎಲ್ಲ ಪುಟಗಳನ್ನೂ ನೋಡಿದ್ದರು. ಆದರೂ ಅಲ್ಲೇ ನಿಂತು ಅಂಕಗಳನ್ನು ಇನ್ನೊಮ್ಮೆ ಕೂಡಿಸಿದೆ.