ನಾನು ಕತ್ತರಿಸಿದ ಹಸಿರು ತಂತಿ

ಕೊರೊನಾ ಕಳೆದು ಬಸ್ಸುಗಳು ಮೊದಲಿನಂತೆ ಓಡಾಡತೊಡಗಿದ ವರ್ಷ ಇದು ನಡೆದದ್ದು. ಆಗ ಶಿಕಾರಿಪುರದಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿ ಇನ್ನೂ ಇತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಬೆಸುಗೆ ಹಾಕುವುದನ್ನು ಕಲಿತು, ಊರಿಗೆ ಬಂದು ಕೂತವನು. ಜನ ನನ್ನನ್ನು ರೇಡಿಯೋ ರುದ್ರಪ್ಪ ಎಂದೇ ಕರೆಯುತ್ತಾರೆ. ಈಗ ಕಣ್ಣು ಮಂಜಾಗಿದೆ, ಅಂಗಡಿ ಮುಚ್ಚಿದ್ದೇನೆ. ಒಳ್ಳೆಯ ಕೆಲಸಗಾರ ಎಂಬ ಹೆಸರು ಮಾತ್ರ ಇನ್ನೂ ಉಳಿದಿದೆ. ಆ ಹೆಸರಿಗೆ ಸೇರದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಬೈಲ್ ಬಂದ ಮೇಲೆ ರೇಡಿಯೋ, ಟೇಪ್ ರೆಕಾರ್ಡರುಗಳ ಕೆಲಸ ನಿಂತುಹೋಯಿತು. ಮದುವೆಮನೆಯ ಮೈಕ್ ಸೆಟ್ಟುಗಳನ್ನು ರಿಪೇರಿ ಮಾಡಿಕೊಂಡು ದಿನ ತಳ್ಳುತ್ತಿದ್ದೆ. ಅಷ್ಟರಲ್ಲಿ ಅನುಕೂಲಸ್ಥರಲ್ಲಿ ಕೆಲವರಿಗೆ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರಿನ ಹುಚ್ಚು ಹಿಡಿಯಿತು. ವಾಲ್ವ್ ಎಂದರೆ ಬಲ್ಬಿನಂತೆ ಉರಿಯುವ ಗಾಜಿನ ಕೊಳವೆ. ಅದರ ದನಿ ಮೆತ್ತಗೆ, ತುಂಬಿಕೊಂಡು ಬರುತ್ತದೆ. ಅಂಗಡಿಯಲ್ಲಿ ಕೊಳ್ಳಲು ಹೋದರೆ ಕಾರಿನ ಬೆಲೆ ಹೇಳುತ್ತಾರೆ. ನಾನು ಕೈಯಿಂದ ಕಟ್ಟಿಕೊಡುತ್ತಿದ್ದೆ. ತಗಡಿನ ಪೆಟ್ಟಿಗೆ, ಎದುರಿಗೆ ಹಿತ್ತಾಳೆ ಫಲಕ, ಮೇಲೆ ಸಾಲಾಗಿ ಉರಿಯುವ ವಾಲ್ವುಗಳು. ನೋಡಿದವರು ಒಮ್ಮೆ ಸವರದೆ ಹೋಗುತ್ತಿರಲಿಲ್ಲ.

ಈ ಪೆಟ್ಟಿಗೆಯ ಒಳಗೆ ನಾನೂರು ವೋಲ್ಟ್ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಹಿಂದಿನ ವಿದ್ಯುತ್ತನ್ನು ಹಿಡಿದುಕೊಂಡಿರುತ್ತವೆ. ಅದಕ್ಕೇ ನಾನು ಬಿಚ್ಚಿದ ಪೆಟ್ಟಿಗೆಯನ್ನು ಪರೀಕ್ಷೆ ಮಾಡುವಾಗ ಎಡಗೈ ಜೇಬಿನಲ್ಲಿರುತ್ತಿತ್ತು. ಒಂದು ಕೈಯಿಂದ ಹೊಕ್ಕ ಕರೆಂಟು ಇನ್ನೊಂದು ಕೈಯಿಂದ ಹೊರಬಿದ್ದರೆ ಅದರ ದಾರಿ ಎದೆಯ ಮೇಲೆ. ಕೆಪಾಸಿಟರನ್ನು ರೆಸಿಸ್ಟರಿನಿಂದ ಬರಿದುಮಾಡಿ, ಮೀಟರ್ ಹಿಡಿದು ಸೊನ್ನೆ ಕಂಡ ಮೇಲೆಯೇ ಒಳಗೆ ಕೈ ಹಾಕುತ್ತಿದ್ದೆ. ನನ್ನ ದೇಹವನ್ನು ಕಾಯಲು ಇಷ್ಟೆಲ್ಲ ನಿಯಮ ಮಾಡಿಕೊಂಡಿದ್ದವನು ನಾನು.

ಕೊಂಡವರನ್ನು ಕಾಯುವುದು ಒಂದು ಹಸಿರು ತಂತಿ. ತ್ರೀ ಪಿನ್ ಪ್ಲಗ್ಗಿನ ದಪ್ಪ ಪಿನ್ನಿನಿಂದ ಹೊರಟು ಪೆಟ್ಟಿಗೆಯ ತಗಡಿಗೆ ಸೇರುವ ತಂತಿ, ಅದಕ್ಕೆ ಅರ್ಥ್ ಎನ್ನುತ್ತೇವೆ. ಒಳಗೆ ಎಲ್ಲಾದರೂ ವಿದ್ಯುತ್ ತರುವ ಫೇಸ್ ತಂತಿ ತಗಡಿಗೆ ತಾಗಿದರೆ ಕರೆಂಟು ಈ ಹಸಿರು ತಂತಿಯಲ್ಲಿ ನೆಲಕ್ಕೆ ಹರಿದು ಫ್ಯೂಸ್ ಹಾರುತ್ತದೆ. ಪೆಟ್ಟಿಗೆ ಕೆಡುತ್ತದೆ, ಮನುಷ್ಯ ಉಳಿಯುತ್ತಾನೆ.

ಸೊರಬದ ಚನ್ನವೀರಪ್ಪನವರು ಅಕ್ಕಿ ಗಿರಣಿ ಇಟ್ಟವರು, ಮೂಲ ನಮ್ಮ ಶಿಕಾರಿಪುರದ ಕಡೆಯವರು. ಗಿರಣಿಯ ಸದ್ದಿನಲ್ಲೇ ವಯಸ್ಸು ಕಳೆದಿದ್ದರೂ ಅವರ ಕಿವಿ ಬಲು ಚುರುಕು. ಹೊಸ ಮನೆ ಕಟ್ಟಿಸಿ, ನಡುಮನೆಗೆಂದು ನನ್ನಿಂದ ಆಂಪ್ಲಿಫೈಯರ್ ಮಾಡಿಸಿದರು. ಕಂಪ್ಯೂಟರಿನಲ್ಲಿ ತುಂಬಿಸಿದ ವಚನ, ಹಿಂದೂಸ್ತಾನಿ ಸಂಗೀತ ಕೇಳುವುದು ಅವರ ಸಂಜೆಯ ಕೆಲಸ. ಪೆಟ್ಟಿಗೆ ತಲುಪಿದ ವಾರಕ್ಕೇ ಫೋನ್ ಬಂತು.

"ಏನ್ರೀ ರುದ್ರಪ್ಪ, ಒಳಗೆ ಜೇನುಗೂಡು ಕಟ್ಟಿ ಕಳಿಸಿರೇನು? ಹಾಡೋರು ಬಾಯಿ ತೆಗೆಯೋಕೆ ಮುಂಚೆ ಇದೇ ಗುಂಯ್ ಅಂತ ಶುರು ಮಾಡ್ತೈತಿ."

ಹೋಗಿ ನೋಡಿದೆ. ಸದ್ದು ನಿಜವೇ. ಅವರ ಕಂಪ್ಯೂಟರಿಗೂ ಅರ್ಥ್ ಇತ್ತು, ನನ್ನ ಪೆಟ್ಟಿಗೆಗೂ ಇತ್ತು. ಎರಡನ್ನೂ ಹಾಡಿನ ತಂತಿ ಸೇರಿಸಿದಾಗ ಅರ್ಥ್ ಒಂದು ಬಳೆಯಂತೆ ಸುತ್ತು ಹಾಕಿಕೊಂಡು, ಗೋಡೆಯ ವೈರಿಂಗಿನ ಗುಂಯ್‌ಗುಡುವಿಕೆಯನ್ನು ಸ್ಪೀಕರಿಗೆ ತರುತ್ತದೆ. ನಮ್ಮ ಕಡೆ ಎಷ್ಟೋ ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಅಂಥ ಮನೆಯಲ್ಲಿ ಈ ಸದ್ದೂ ಇಲ್ಲ. ಚನ್ನವೀರಪ್ಪನವರ ಹೊಸ ಮನೆಯಲ್ಲಿ ಅರ್ಥ್ ಸರಿಯಾಗಿತ್ತು, ಅದಕ್ಕೇ ಸದ್ದು.

ಮಧ್ಯಾಹ್ನದವರೆಗೂ ಏನೇನೋ ಮಾಡಿದೆ. ಚನ್ನವೀರಪ್ಪನವರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. "ಆಗ್ಲಿಲ್ಲ ಅಂದ್ರೆ ಹೇಳ್ಬಿಡ್ರೀ, ಬೆಂಗಳೂರಿನವರನ್ನ ಕರೆಸ್ತೀನಿ" ಎಂದರು. ನನಗೆ ಅದು ನಾಟಿತು. ಅವರು ಎಲೆ ಅಡಿಕೆ ತರಲು ಒಳಗೆ ಹೋದಾಗ ಪೆಟ್ಟಿಗೆಯ ಒಳಗಿನ ಹಸಿರು ತಂತಿಯನ್ನು ಕಟ್ಟರಿನಿಂದ ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಮುಚ್ಚಳ ಹಾಕಿದೆ.

ಸದ್ದು ಪೂರಾ ನಿಂತಿತು. ಚನ್ನವೀರಪ್ಪನವರು ಸ್ಪೀಕರಿಗೆ ಕಿವಿ ಹಚ್ಚಿ, "ಎಲಾ! ಆನ್ ಐತೋ ಇಲ್ಲೋ?" ಎಂದರು. ಪಕ್ಕದ ಮನೆಯವರನ್ನು ಕರೆದು ಕೇಳಿಸಿದರು. ಅವರ ಹೆಂಡತಿ ಶಾರದಮ್ಮನವರು ನನಗೆ ಹೋಳಿಗೆ ಬಡಿಸಿದರು. ನಾನು ಉಂಡೆ.

ತಿಳಿಯದೆ ಮಾಡಿದ್ದಲ್ಲ. ಆ ತಂತಿ ಏಕಿದೆ ಎಂಬುದು ನನಗಿಂತ ಚೆನ್ನಾಗಿ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಯಾರಿಗೂ ತಿಳಿದಿಲ್ಲ ಎಂದು ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ. 'ಒಳಗಿನ ಕೆಲಸ ಗಟ್ಟಿ ಇದೆ, ಫೇಸ್ ಹೇಗೆ ತಾಗುತ್ತದೆ' ಎಂದು ಸಮಾಧಾನ ಹೇಳಿಕೊಂಡೆ. ರುದ್ರಪ್ಪನ ಸೆಟ್ಟಿನಲ್ಲಿ ಸದ್ದೇ ಇಲ್ಲ ಎಂಬ ಮಾತು ಹರಡಿತು. ಅದರ ನಂತರ ಕಟ್ಟಿದ ನಾಲ್ಕು ಪೆಟ್ಟಿಗೆಗಳಿಗೆ ಅಂಗಡಿಯಲ್ಲೇ ಹಸಿರು ತಂತಿ ಹಾಕದೆ ಬಿಟ್ಟೆ. ಪ್ಲಗ್ ಮಾತ್ರ ಮೂರು ಪಿನ್ನಿನದು, ನೋಡುವವರ ನಂಬಿಕೆಗೆ.

ಮುಂದಿನ ಆಯುಧಪೂಜೆ ಬಂತು. ನಮ್ಮ ಕಡೆ ಅಂದು ಮನೆಯ ಕಬ್ಬಿಣ, ತಗಡು ಒಂದನ್ನೂ ಬಿಡುವುದಿಲ್ಲ. ಬೈಕು, ಪಂಪು, ಮಿಕ್ಸರ್, ಇಳಿಗೆಮಣೆ ಎಲ್ಲವನ್ನೂ ಒರೆಸಿ ವಿಭೂತಿ ಎಳೆದು ಹೂವಿಡುತ್ತೇವೆ. ಚನ್ನವೀರಪ್ಪನವರ ಮನೆಯಲ್ಲಿ ಕಂಪ್ಯೂಟರಿನ ತಂತಿಗಳನ್ನೆಲ್ಲ ಬಿಚ್ಚಿ, ಅದನ್ನು ಒರೆಸಿ, ಮಣೆಯ ಮೇಲೆ ಪೂಜೆಗಿಟ್ಟರು. ಆಂಪ್ಲಿಫೈಯರನ್ನೂ ಎತ್ತಿ, ಕೆಳಗಿನ ಧೂಳು ಹೊಡೆದು, ಮತ್ತೆ ಇಟ್ಟರು. ಪೂಜೆಗೆ ವಚನ ಬೇಕಲ್ಲ, ಮೊಬೈಲನ್ನು ಅದಕ್ಕೆ ಸಿಕ್ಕಿಸಿ ಹಾಡು ಹಚ್ಚಿದರು. ಶಾರದಮ್ಮನವರು ಆಗಷ್ಟೇ ಒರೆಸಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ಹಿತ್ತಾಳೆ ಫಲಕದ ಮೇಲೆ ಎಳೆದರು.

ಚನ್ನವೀರಪ್ಪನವರ ಫೋನ್ ಬಂದಾಗ ನಾನು ಅಂಗಡಿಯ ಪೂಜೆಯಲ್ಲಿದ್ದೆ.

"ನಿಮ್ಮ ಪೆಟ್ಟಿಗೆ ಇವಳಿಗೆ ಹೊಡೀತು ಕಣ್ರೀ. ಎತ್ತಿ ಒಗೆದಂಗೆ ಹಿಂದಕ್ಕೆ ಬಿದ್ಳು. ಬಾಗಿಲ ಚೌಕಟ್ಟು ತಲೆಗೆ ಬಡೀತು. ಆಸ್ಪತ್ರೆಯಾಗೆ ಹೊಲಿಗೆ ಹಾಕ್ಯಾರೆ, ಜೀವಕ್ಕೇನಿಲ್ಲ." ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಒದ್ದೆ ಕೈಯಾಗೆ ಯಾರಾದ್ರೂ ಮುಟ್ತಾರೇನ್ರೀ? ಇಷ್ಟು ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ ಇವಳಿಗೆ."

ಆ ಕ್ಷಣ ನಾನು ಹೇಳಿದ್ದು ಇಷ್ಟು: "ಹೌದು ಸಾವ್ಕಾರ್ರೇ, ಒದ್ದೆ ಕೈ ಒಳ್ಳೇದಲ್ಲ."

ತಂತಿ ಕತ್ತರಿಸಿದ್ದಕ್ಕಿಂತ ಆ ಮಾತಿಗೆ ನಾನು ಹೆಚ್ಚು ನಾಚುತ್ತೇನೆ. ಫೋನ್ ಇಟ್ಟು ಕೂತೆ. ಶಾರದಮ್ಮನವರು ಸತ್ತಿದ್ದರೂ ಎಲ್ಲರೂ ಅವರ ಒದ್ದೆ ಕೈಯನ್ನೇ ಬೈದು ಮಣ್ಣು ಮಾಡುತ್ತಿದ್ದರು, ನಾನು ಹೋಗಿ ಮಣ್ಣು ಹಾಕಿ ಬರುತ್ತಿದ್ದೆ. ಈ ಯೋಚನೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಮತ್ತೆ ಫೋನ್ ಮಾಡಿ, ಪೆಟ್ಟಿಗೆಯ ಪ್ಲಗ್ ಕಿತ್ತಿಡಿ, ನಾಳೆ ಬರುತ್ತೇನೆ ಎಂದೆ. ಉಳಿದ ನಾಲ್ಕು ಪೆಟ್ಟಿಗೆ ಕೊಂಡವರಿಗೂ ಫೋನ್ ಮಾಡಿದೆ. ಮೂವರು ಎತ್ತಿದರು. ಅವರಿಗೂ ಅದನ್ನೇ ಹೇಳಿದೆ.

ಮರುದಿನ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋದೆ. ಶಾರದಮ್ಮನವರು ತಲೆಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರು. ಬಲಗೈಯ ಬೆರಳ ತುದಿಗಳು ಸುಟ್ಟು ಬೆಳ್ಳಗಾಗಿದ್ದವು. ನೋಡಲು ಬಂದ ಹೆಂಗಸರಲ್ಲಿ ಒಬ್ಬರು, "ಇನ್ಮೇಲಾದ್ರೂ ಕೈ ಒರೆಸ್ಕೊಂಡು ಪೂಜೆ ಮಾಡೇ ಮಾರಾಯ್ತಿ" ಎಂದು ನಗುತ್ತಿದ್ದರು. "ನನ್ನದೇ ತಪ್ಪು ಬಿಡು" ಎಂದು ಇವರೂ ನಕ್ಕರು.

ಪೆಟ್ಟಿಗೆಯನ್ನು ಅವರೆಲ್ಲರ ಎದುರಿಗೇ ಬಿಚ್ಚಿದೆ. ಪ್ಲಗ್ಗಿನಿಂದ ಬರುವ ಮುಖ್ಯ ತಂತಿ ಒಳಹೋಗುವ ತೂತಿಗೆ ರಬ್ಬರ್ ಉಂಗುರ ಹಾಕಿದ್ದೆ. ಅದು ಬಿಸಿಗೆ ಒಣಗಿ ಒಡೆದಿತ್ತು. ತಗಡಿನ ಅಂಚು ಫೇಸ್ ತಂತಿಯ ಹೊದಿಕೆಯನ್ನು ಕೊರೆದಿತ್ತು. ಹಬ್ಬಕ್ಕೆಂದು ಎತ್ತಿಟ್ಟಾಗ ತಾಮ್ರ ತಗಡಿಗೆ ತಾಗಿದೆ. ಕಂಪ್ಯೂಟರಿನ ತಂತಿ ಸಿಕ್ಕಿಸಿದ್ದರೆ ಅದರ ಮೂಲಕವಾದರೂ ಪೆಟ್ಟಿಗೆಗೆ ಅರ್ಥ್ ಸಿಗುತ್ತಿತ್ತು. ಅಂದು ಅದೂ ಇರಲಿಲ್ಲ. ಇಡೀ ಪೆಟ್ಟಿಗೆಯೇ ಹೊದಿಕೆಯಿಲ್ಲದ ಫೇಸ್ ತಂತಿಯಾಗಿ ಕೂತಿತ್ತು.

ಟೇಪ್ ಸುತ್ತಿದ ಹಸಿರು ತುದಿಯನ್ನು ಎಳೆದು ತೋರಿಸಿದೆ. "ಅಕ್ಕಾರೇ, ತಪ್ಪು ನಿಮ್ಮ ಕೈದಲ್ಲ. ನಿಮ್ಮನ್ನ ಕಾಯೋಕೆ ಇದ್ದ ತಂತಿ ಇದು. ನಾನೇ ಕತ್ತರಿಸಿದ್ದು. ಗೊತ್ತಿದ್ದೇ ಕತ್ತರಿಸಿದ್ದು."

ಹೆಂಗಸರ ನಗು ನಿಂತಿತು. ಶಾರದಮ್ಮನವರು ತಂತಿಯನ್ನೂ ನನ್ನನ್ನೂ ನೋಡಿದರು. "ನಿನ್ನೆ ಫೋನಲ್ಲಿ ಒದ್ದೆ ಕೈ ಅಂದ್ರಂತಲ್ಲ?"

"ಅಂದೆ. ಅದೂ ಸುಳ್ಳೇ."

"ಹೋಳಿಗೆ ಉಂಡಿದ್ದಾದ್ರೂ ನಿಜಾನಾ?" ಎಂದು ಮುಖ ತಿರುಗಿಸಿದರು.

ಬೈದರೆ ಬೈಸಿಕೊಳ್ಳೋಣ ಎಂದು ಚನ್ನವೀರಪ್ಪನವರ ಕಡೆ ನೋಡಿದೆ. ಅವರ ಮೊದಲ ಪ್ರಶ್ನೆ ಬೇರೆಯೇ ಇತ್ತು. "ಈ ತಂತಿ ಮತ್ತೆ ಹಾಕಿದ್ರೆ ಆ ಗುಂಯ್ ಬರ್ತೈತೇನು?"

"ಬರುತ್ತೆ."

"ಹಂಗಾದ್ರೆ ಹಾಕ್ಬ್ಯಾಡ್ರಿ. ಆ ರಬ್ಬರು ಬದಲಾಯಿಸಿ ಕೊಡ್ರಿ ಸಾಕು. ಇವಳು ಇನ್ನು ಅದರ ತಂಟೆಗೆ ಹೋಗಲ್ಲ."

"ಆಗಲ್ಲ ಸಾವ್ಕಾರ್ರೇ."

"ಪೆಟ್ಟಿಗೆ ನಂದು ಕಣ್ರೀ."

"ಪೆಟ್ಟಿಗೆ ನಿಮ್ಮದು, ಕಟ್ಟಿದ ಕೈ ನಂದು. ಅರ್ಥ್ ಇಲ್ಲದೆ ಇದು ಈ ಮನೆಯಲ್ಲಿ ಹಾಡಲ್ಲ. ಅಂಗಡಿಗೆ ಒಯ್ದು ಸರಿಮಾಡಿ ತರ್ತೀನಿ." ಅವರು ನೋಡುತ್ತಿದ್ದಂತೆಯೇ ಮುಖ್ಯ ತಂತಿಯನ್ನು ಬೆಸುಗೆಯಿಂದ ಬಿಡಿಸಿ ಚೀಲಕ್ಕೆ ಹಾಕಿಕೊಂಡೆ. ಅವರು ಎದ್ದು ನಿಂತರು. ಇನ್ನೇನು ಕೈಯೆತ್ತುತ್ತಾರೆ ಎನ್ನಿಸಿತು. ಮಂಚದ ಮೇಲಿಂದ ಶಾರದಮ್ಮನವರ ದನಿ ಬಂತು: "ಒಯ್ಲಿ ಬಿಡಿ. ಸದ್ದು ಬೇಡ ಅಂದ್ರೆ ಪೆಟ್ಟಿಗೆನೇ ಇಲ್ದಿದ್ರೆ ಇನ್ನೂ ನಿಶ್ಶಬ್ದ."

ಲಗೇಜ್ ಆಟೋದಲ್ಲಿ ಪೆಟ್ಟಿಗೆಯನ್ನು ಶಿಕಾರಿಪುರಕ್ಕೆ ತಂದೆ. ಅರ್ಥ್ ಇರಬೇಕು, ಸದ್ದು ಇರಬಾರದು. ಕತ್ತರಿಸಿದ ದಿನವೇ ನಾನು ಮಾಡಬೇಕಿದ್ದ ಕೆಲಸ ಅದು. ಅಂದು ಬೇಕಾಗಿದ್ದದ್ದು ತಾಳ್ಮೆ ಮಾತ್ರ.

ತಗಡಿನ ಬಣ್ಣ ಕೆರೆದು, ಬೇರೆ ಯಾವುದಕ್ಕೂ ಬಳಸದ ಒಂದು ಬೋಲ್ಟ್ ಹಾಕಿ, ಹಸಿರು ತಂತಿಯನ್ನು ಅದಕ್ಕೆ ಬಿಗಿದೆ. ಆ ತಂತಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಬಿಟ್ಟೆ. ಯಾರಾದರೂ ಜಗ್ಗಿದರೆ ಫೇಸ್ ಮೊದಲು ಕಿತ್ತುಬರಬೇಕು, ಅರ್ಥ್ ಕೊನೆಗೆ. ಹೊಸ ರಬ್ಬರ್ ಉಂಗುರದ ಜೊತೆಗೆ ತಂತಿ ಅಲುಗದಂತೆ ಹಿಡಿಕೆ ಹಾಕಿದೆ. ಒಳಗಿನ ಹಾಡಿನ ತಂತಿಗಳಲ್ಲಿ ಅರ್ಥಿಗೆ ಸೇರುವ ತುದಿಗಳನ್ನೆಲ್ಲ ಒಂದೇ ಜಾಗಕ್ಕೆ ತಂದು ಕಟ್ಟಿದೆ. ಸದ್ದು ಅರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ. ಕೊನೆಗೆ, ಕಂಪ್ಯೂಟರಿನಿಂದ ಬರುವ ಹಾಡಿನ ದಾರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟೆ. ಅದರಲ್ಲಿ ಹಾಡು ದಾಟುತ್ತದೆ, ಅರ್ಥಿನ ಸುತ್ತು ಮಾತ್ರ ತುಂಡಾಗುತ್ತದೆ. ಒಳ್ಳೆಯದು ಸಿಗುವವರೆಗೆ ಮೂರು ಜೊತೆ ತರಿಸಿ ವಾಪಸು ಕಳಿಸಿದೆ. ದೀಪಾವಳಿ ಕಳೆದು ಎಷ್ಟೋ ದಿನದ ಮೇಲೆ, ಅಂಗಡಿಯಲ್ಲಿ ಕಂಪ್ಯೂಟರ್ ಸಿಕ್ಕಿಸಿ, ಅರ್ಥ್ ಹಾಕಿ, ಕಿವಿ ಹಚ್ಚಿದೆ. ಏನೂ ಇರಲಿಲ್ಲ.

ಸೊರಬಕ್ಕೆ ಒಯ್ದೆ. ಅವರ ಮೀಟರ್ ಬೋರ್ಡಿನ ಪಕ್ಕದಲ್ಲಿ ವೈರ್‌ಮನ್ ಕೈಯಲ್ಲಿ ಆರ್‌ಸಿಸಿಬಿ ಹಾಕಿಸಿದೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಚೂರು ವ್ಯತ್ಯಾಸ ಬಂದರೆ, ಮನುಷ್ಯನ ಮೈಯಲ್ಲಿ ಸೋರಿಹೋದರೂ ಸರಿ, ತಟ್ಟನೆ ಲೈನ್ ಕಡಿಯುವ ಸ್ವಿಚ್ಚು ಅದು. ಪೆಟ್ಟಿಗೆ ಹಚ್ಚಿ, ಫಲಕಕ್ಕೂ ಅರ್ಥಿಗೂ ನಡುವೆ ಮೀಟರ್ ಹಿಡಿದು ಸೊನ್ನೆ ತೋರಿಸಿದೆ.

ಚನ್ನವೀರಪ್ಪನವರು ಸ್ಪೀಕರಿಗೆ ಕಿವಿ ಕೊಟ್ಟು ತಲೆಯಾಡಿಸಿದರು. ಶಾರದಮ್ಮನವರು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಅಷ್ಟು ದಿನದಿಂದ ಅವರು ಮಿಕ್ಸರ್ ಸ್ವಿಚ್ಚನ್ನೂ ಮರದ ಸೌಟಿನಿಂದ ಒತ್ತುತ್ತಿದ್ದರು ಎಂದು ಆಮೇಲೆ ತಿಳಿಯಿತು. ನಾನು ಅಂಗೈ ಒದ್ದೆ ಮಾಡಿ ಫಲಕದ ಮೇಲೆ ಇಟ್ಟೆ.

"ನೀವು ಮುಟ್ಟಿದ್ರೆ ಆಗಲ್ಲ ರುದ್ರಣ್ಣಾ, ನೀವು ಕರೆಂಟಿನ ನೆಂಟರು" ಎಂದರು ಅವರು. "ಇವರು ಮುಟ್ಲಿ. ಒದ್ದೆ ಕೈಲಿ."

ಚನ್ನವೀರಪ್ಪನವರು ನನ್ನ ಮುಖ ನೋಡಿದರು. "ಮುಟ್ಟಬಹುದಲ್ರೀ?"

"ಮುಟ್ಟಿ."

"ಖಾತ್ರಿ ಐತಲ್ಲ?"

"ಬುದ್ಧಿ ಇರೋರಲ್ವ, ಮುಟ್ಟಿ" ಎಂದರು ಶಾರದಮ್ಮನವರು.

ಚನ್ನವೀರಪ್ಪನವರು ಒಂದು ಬೆರಳ ತುದಿ ತಾಗಿಸಿ ಕಿತ್ತುಕೊಂಡರು. ಆಮೇಲೆ ಕೈ ಇಟ್ಟು ನಿಂತರು. ಶಾರದಮ್ಮನವರು ಬಂದು ಗಂಡನ ಕೈ ಪಕ್ಕದಲ್ಲಿ ತಮ್ಮ ಬಲಗೈ ಇಟ್ಟರು. ಬೆರಳ ತುದಿಯ ಹೊಸ ಚರ್ಮ ಇನ್ನೂ ಕೆಂಪಗಿತ್ತು. ಬಹಳ ಹೊತ್ತು ತೆಗೆಯಲಿಲ್ಲ. ನನಗೆ ಕ್ಷಮಿಸಿದೆ ಎಂದು ಅವರು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಉಳಿದವನ್ನು ಒಂದೊಂದಾಗಿ ಹುಡುಕಿ ಹೋದೆ. ಈಸೂರಿನದು, ಕುಪ್ಪಗಡ್ಡೆಯದು, ನಮ್ಮೂರಿನದೇ ಒಂದು. ಮೂರಕ್ಕೂ ಅರ್ಥ್ ಹಾಕಿದೆ. ಕುಪ್ಪಗಡ್ಡೆಯ ಮನೆಯಲ್ಲಿ ಗೋಡೆಯ ತೂತಿನ ಹಿಂದೆಯೂ ತಂತಿ ಇರಲಿಲ್ಲ. ಅಂಗಳದಲ್ಲಿ ಗುಂಡಿ ತೋಡಿಸಿ, ಅರ್ಥ್ ಕಂಬಿ ಹುಗಿಸಿ, ವೈರ್‌ಮನ್ ಕೈಯಲ್ಲಿ ತಂತಿ ಎಳೆಸಿದ ಮೇಲೆಯೇ ಪೆಟ್ಟಿಗೆ ಹಚ್ಚಲು ಬಿಟ್ಟೆ. ಮುದುಕನಿಗೆ ಅರಳುಮರಳು ಎಂದರು. ಇರಲಿ.

ಈ ಕೆಲಸ ನನಗೆ ಕಲಿಸಿದ್ದನ್ನು ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರಿಗೆ ಹೇಳುತ್ತೇನೆ. ಸದ್ದು ಬಂದರೆ ಅದರ ಕಾರಣ ಹುಡುಕಿ, ಹುಡುಕುವಷ್ಟು ದಿನ ಗಿರಾಕಿ ಬೈಯಲಿ. ಅರ್ಥಿಗೆ ಮಾತ್ರ ಕತ್ತರಿ ಹಾಕಬೇಡಿ. ನಾವು ಜೇಬಿನಲ್ಲಿ ಕೈ ಇಟ್ಟುಕೊಂಡು ಕೆಲಸ ಮಾಡುತ್ತೇವೆ. ಪೆಟ್ಟಿಗೆ ಹೋಗಿ ಸೇರುವ ಮನೆಯಲ್ಲಿ ಒದ್ದೆ ಕೈಗಳಿರುತ್ತವೆ, ಬರಿಗಾಲುಗಳಿರುತ್ತವೆ, ಅವರಿಗೆ ಇದೊಂದೂ ಗೊತ್ತಿರುವುದಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ನಾಲ್ಕನೆಯದು ಸಿಕ್ಕಿಲ್ಲ. ಕೊಂಡವರು ಊರು ಬಿಡುವಾಗ ಯಾರಿಗೋ ಮಾರಿದರಂತೆ, ಅವರಿಂದ ಇನ್ಯಾರಿಗೋ ಹೋಯಿತಂತೆ. ನಾಲ್ಕು ವಾಲ್ವು, ಹಿತ್ತಾಳೆ ಫಲಕ, ಬಲಗಡೆ ಎರಡು ಕಪ್ಪು ತಿರುಪು. ನಿಮ್ಮಲ್ಲಿ ಅಂಥ ಪೆಟ್ಟಿಗೆ ಇದ್ದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಒಣ ಕೈಯಿಂದ ಪ್ಲಗ್ ಕಿತ್ತುಬಿಡಿ. ಶಿಕಾರಿಪುರ ಬಸ್ ನಿಲ್ದಾಣದಲ್ಲಿ ರೇಡಿಯೋ ರುದ್ರಪ್ಪನ ಮನೆ ಎಲ್ಲಿ ಎಂದು ಕೇಳಿ, ಯಾರಾದರೂ ತೋರಿಸುತ್ತಾರೆ. ಕಣ್ಣು ಮಂಜಾಗಿದ್ದರೂ ಒಂದು ಬೋಲ್ಟ್ ಬಿಗಿಯುವಷ್ಟು ಕಾಣುತ್ತದೆ.