ಅರ್ಧ ಸುತ್ತು ಬಿಟ್ಟ ನಟ್ಟು

ಆ ನಟ್ಟನ್ನ ನಾನು ಬೇಕಂತಲೇ ಅರ್ಧ ಸುತ್ತು ಸಡಿಲ ಬಿಟ್ಟಿದ್ದೆ. ಮರೆತಿದ್ದಲ್ಲ, ಕೈ ಜಾರಿದ್ದಲ್ಲ — ಬೇಕಂತಲೇ. ಒಂದ್ಸಲ ಅಲ್ಲ, ಐದು ಸಲ. ಎರಡು ವರ್ಷದಿಂದ ಈ ಮಾತನ್ನ ಯಾರ ಮುಂದೂ ಆಡಿಲ್ಲ.

ನನ್ನ ಬಲ್ಲೋರು ಇದನ್ನ ನಂಬಲ್ಲ. ಚಿತ್ರದುರ್ಗದ ಹೊಳಲ್ಕೆರೆ ರೋಡಲ್ಲಿ ನಂದೊಂದು ಪುಟ್ಟ ಗ್ಯಾರೇಜು. ತಿಪ್ಪೇಶಿ ಗಾಡಿ ಬಿಚ್ಚಿ ಜೋಡಿಸಿದ್ರೆ ಒಂದು ಬೋಲ್ಟು ಮಿಕ್ಕೇ ಮಿಕ್ಕುತ್ತೆ ಅಂತ ಊರಿಗೆಲ್ಲ ಗೊತ್ತು. ಹಂಗೆ ಮಿಕ್ಕಿರೋ ಬೋಲ್ಟಲ್ಲೇ ಇನ್ನೊಂದು ಗಾಡಿ ಕಟ್ಟಬಹುದು. ಒಬ್ಬ ಮೇಷ್ಟ್ರ ಬೈಕಿನ ವೈರ್ ಅದಲು ಬದಲು ಮಾಡಿ, ಬ್ರೇಕ್ ಒತ್ತಿದ್ರೆ ಹಾರನ್ ಹೊಡಿಯೋ ಹಂಗೆ ಮಾಡಿದ್ದೆ. ಪಾಪ, ನಾಯಿಗೆ ದಾರಿ ಬಿಡೋಕೆ ನಿಂತ್ರೂ ಓಣಿಯೋರೆಲ್ಲ ಹೊರಗೆ ಬಂದು ಬೈತಿದ್ರು. ಹಿಂಗಾಗಿ ನಾನೇನು ಕೆಡಿಸಿದ್ರೂ, "ತಿಪ್ಪೇಶಿ ಅಲ್ವಾ, ಬಿಡು" ಅಂತ ನಕ್ಕು ಹೋಗ್ತಾರೆ. ಆ ನಗುವಿನ ಹಿಂದೆ ಏನು ಬೇಕಾದ್ರೂ ಬಚ್ಚಿಡಬಹುದು. ನಾನು ಬಚ್ಚಿಟ್ಟೆ.

ಸುಜಾತ ಹಿರೇಗುಂಟನೂರಿನೋಳು. ಬ್ಲೌಸ್ ಹೊಲಿಯೋದು, ಸೀರೆಗೆ ಕುಚ್ಚು ಕಟ್ಟೋದು ಅವಳ ಕೆಲಸ. ಹುಟ್ಟಿದಾಗ್ಲಿಂದ ಕಾಲಲ್ಲಿ ಬಲ ಇಲ್ಲ. ಮುಂದೊಂದು, ಹಿಂದೆರಡು ಚಕ್ರ ಇರೋ ಸ್ಕೂಟರ್ ಓಡಿಸ್ತಾಳೆ. ಹಿಂದಿನ ಚಕ್ರಗಳ ಮೇಲೆ ಅಡ್ಡಕ್ಕೆ ಒಂದು ಉದ್ದನೆ ತಗಡಿನ ಡಿಕ್ಕಿ, ಅದರೊಳಗೆ ಅವಳ ಎರಡು ಊರುಗೋಲು. ಡಿಕ್ಕಿ ಬೀಗ ಇದ್ದಿದ್ದು ಹಿಂದುಗಡೆ. ಸೀಟ್ ಮೇಲೆ ಕುಂತೋಳ ಕೈಗೆ ಎಟುಕ್ತಿರಲಿಲ್ಲ. ಹೋದಲ್ಲೆಲ್ಲ, "ಅಣ್ಣಾ, ಸ್ವಲ್ಪ ತೆಗೆದುಕೊಡ್ರಿ" ಅಂತ ಯಾರನ್ನಾದ್ರೂ ಕೂಗಬೇಕಿತ್ತು.

ಮೊದಲ ದಿನ ಗ್ಯಾರೇಜಿಗೆ ಬಂದಾಗ ಹೇಳಿದ್ಲು, "ನೋಡಪ್ಪ, ಹ್ಯಾಂಡಲ್ ಹತ್ರ ಒಂದು ಹಿಡಿ ಎಳೆದ್ರೆ ಹಿಂದೆ ಡಿಕ್ಕಿ ಬಾಯಿ ಬಿಡಬೇಕು. ನಾನು ಯಾರನ್ನೂ ಕೂಗೋ ಹಂಗಿರಬಾರ್ದು. ಆಗುತ್ತಾ?"

"ಆಗದೆ ಏನ್ರಿ, ಹೆಲಿಕಾಪ್ಟರ್ ಬೇಕಾದ್ರೂ ಮಾಡ್ಕೊಡ್ತೀನಿ."

"ಡಿಕ್ಕಿ ಸಾಕು. ಹೆಲಿಕಾಪ್ಟರ್ ನಿಲ್ಸಾಕೆ ನಮ್ಮನೆ ಮುಂದೆ ಜಾಗ ಇಲ್ಲ."

ಗುಜರಿಯಿಂದ ಹಳೇ ಕಾರಿನ ಡಿಕ್ಕಿ ಲಾಕ್ ತಂದೆ. ಕೀಲಿ ಬೀಗ ಕಿತ್ತು ಎಸೆದೆ. ಹ್ಯಾಂಡಲ್ಲಿಗೆ ಸೈಕಲ್ ಬ್ರೇಕಿನ ಹಿಡಿ ಕೂರಿಸಿ, ಅದರ ತಂತಿನ ಸೀಟ್ ಕೆಳಗಿಂದ ಎಳ್ಕಂಡು ಹೋಗಿ ಲಾಕಿಗೆ ಸಿಗಿಸಿ ನಟ್ಟು ಬಿಗಿದೆ. ಮುಚ್ಚಳ ಎದ್ದೇಳಲಿ ಅಂತ ಕೆಳಗೊಂದು ಸ್ಪ್ರಿಂಗ್. ಸ್ಪ್ರಿಂಗು ಯಾವ ಲಾರೀದೋ ಏನೋ — ಮೊದಲ ಸಲ ಎಳೆದಾಗ ಮುಚ್ಚಳ ಹಾರಿ ನನ್ನ ಗದ್ದಕ್ಕೆ ಬಡೀತು, ಕೋಟೆ ಬುರುಜಿನಿಂದ ಬಿದ್ದೋನಂಗೆ ಬಿದ್ದೆ. ಅವಳು ಹೊಟ್ಟೆ ಹಿಡ್ಕಂಡು ನಕ್ಕಳು. ಆಮೇಲೆ ತಿರುಗಿ, ತಾನೇ ಕೋಲು ತಗಂಡು, ತಾನೇ ಇಳಿದು ನಿಂತ್ಲು. ಆಗ ನಗ್ತಿರಲಿಲ್ಲ. ಸುಮ್ನೆ ನಿಂತಿದ್ಲು, ಅಷ್ಟೇ. ಆ ಮುಖ —

ನಾನು ಬಗ್ಗಿ ನಟ್ಟನ್ನ ಕೊನೇ ಸಲ ಬಿಗೀತಾ ಇದ್ದೆ. ಪೂರ್ತಿ ಬಿಗಿದ್ರೆ ಇವಳು ಇನ್ಯಾಕೆ ಬರ್ತಾಳೆ ಅನ್ನಿಸ್ತು. ಅರ್ಧ ಸುತ್ತು ಬಾಕಿ ಇತ್ತು. ಕೈ ತೆಗೆದೆ.

"ಹದಿನೈದು ದಿನ ಬಿಟ್ಟು ಒಂದ್ಸಲ ತೋರಿಸ್ರಿ" ಅಂದೆ.

ಬಂದ್ಲು. ಹಿಡಿ ಸಡಿಲ ಆಗ್ತಿದ್ದಂಗೆ ಬರ್ತಿದ್ಲು. "ನೀನು ಮೆಕ್ಯಾನಿಕ್ಕೋ ಜ್ಯೋತಿಷಿಯೋ? ಹದಿನೈದು ದಿನ ಅಂತೀಯ, ಸರಿಯಾಗಿ ಹದಿನೈದಕ್ಕೇ ಕೆಡುತ್ತೆ!" ಹತ್ತು ನಿಮಿಷದ ಕೆಲಸನ ನಾನು ಒಂದು ಗಂಟೆ ಎಳೀತಿದ್ದೆ. ಅವಳು ಸೀಟ್ ಮೇಲೇ ಕುಂತು, ಗಿರಾಕಿ ಸೀರೆಯ ಸೆರಗನ್ನ ಗಾಡಿ ಕನ್ನಡಿಗೆ ಕಟ್ಕಂಡು ಕುಚ್ಚು ಹೆಣೀತಿದ್ಲು. ಹೋದ್ಮೇಲೆ ನೆಲದ ಗ್ರೀಸಲ್ಲಿ ಹಸಿರು, ಕೆಂಪು ದಾರದ ಚೂರು ಬಿದ್ದಿರೋವು. ಎರಡು ದಿನ ಕಸ ಹೊಡೀತಿರಲಿಲ್ಲ ನಾನು. ಬೇರೆ ಹೆಣ್ಮಕ್ಕಳು ಯಾರೇ ಗಾಡಿ ತಂದ್ರೂ "ಬರ್ರಿ ಅಕ್ಕಾ" ಅಂತೀನಿ. ಅವಳಿಗೆ ಅಕ್ಕ ಅನ್ನೋಕೆ ಬಾಯಿ ಬರ್ತಿರಲಿಲ್ಲ, ಹೆಸರು ಹಿಡಿಯೋಕೆ ಧೈರ್ಯ ಇರಲಿಲ್ಲ. ಹಂಗಾಗಿ ಏನೂ ಅನ್ನದೆ, ಬರೀ ಗಾಡಿ ಜೊತೆ ಮಾತಾಡ್ದಂಗೆ ಮಾತಾಡ್ತಿದ್ದೆ.

ಐದನೇ ಸಲ ಬಂದಿದ್ದು ಒಂದು ಶನಿವಾರ. ಹಿರಿಯೂರಲ್ಲಿ ಒಂದು ಹೊಲಿಗೆ ಕೇಂದ್ರದಲ್ಲಿ ಕಲಿಸೋರು ಬೇಕಂತೆ, ಸೋಮವಾರ ಬರೋಕೆ ಹೇಳವ್ರಂತೆ. "ಈ ಸಲ ಸರಿಯಾಗಿ ಬಿಗಿ ತಿಪ್ಪೇಶಿ. ಅಲ್ಲಿ ಹುಡ್ಗೀರ ಮುಂದೆ ನಾನೇ ನಡ್ಕಂಡು ಒಳಗೆ ಹೋಗ್ಬೇಕು. ಮೊದ್ಲು ಹೆಂಗೆ ನೋಡ್ತಾರೋ ಹಂಗೇ ಕೊನೇವರೆಗೂ ನೋಡೋದು ಜನ."

ಎಲ್ಲ ಕೇಳಿಸ್ಕಂಡೆ. ಕೇಳಿಸ್ಕಂಡೂ — ಕೆಲಸ ಸಿಕ್ಕಿದ್ರೆ ಹಿರಿಯೂರಿಗೆ ಹೋಗಿಬಿಡ್ತಾಳೆ, ತಂತಿ ಕೆಟ್ರೆ ಮಾತ್ರ ಈ ಕಡೆ ಬರೋದು ಅಂತ — ಅರ್ಧ ಸುತ್ತು ಬಿಟ್ಟೆ.

ಐಮಂಗಲ ದಾಟಿ ಹಿರಿಯೂರು ಮುಟ್ಟೋವರೆಗೂ ತಂತಿ ತಡೀತು. ಕೇಂದ್ರದ ಅಂಗಳದಲ್ಲಿ ಎಳೆದಾಗ ತಂತಿ ನಟ್ಟಿಂದ ಜಾರಿ, ಬರೀ ಹಿಡಿ ಕೈಗೆ ಬಂತು. ಡಿಕ್ಕಿ ತೆರೀಲಿಲ್ಲ. ಕೀಲಿ ಬೀಗ ನಾನೇ ಕಿತ್ತು ಎಸೆದಿದ್ನಲ್ಲ, ಬೇರೆ ಯಾರಿಗೂ ತೆಗೆಯೋಕಾಗಲಿಲ್ಲ.

ಎರಡು ದಿನ ಬಿಟ್ಟು ಗ್ಯಾರೇಜಿಗೆ ಬಂದ್ಲು. ಕಬ್ಬಿಣದ ರಾಡು ಹಾಕಿ ಮೀಟಿದ್ದ ಮುಚ್ಚಳ ಸೊಟ್ಟ ಆಗಿತ್ತು. "ಇಬ್ರು ಗಂಡಸ್ರು ನನ್ನ ಎತ್ಕಂಡು ಹೋದ್ರು ಕಣಪ್ಪ. ಅಕ್ಕಿ ಮೂಟೆ ಇಳಿಸ್ದಂಗೆ ಕುರ್ಚಿ ಮೇಲೆ ಇಳಿಸಿದ್ರು" ಅಂತ ನಗ್ತಾನೇ ಹೇಳಿದ್ಲು. "ಕೆಲಸ ಸಿಕ್ತು. ಹೊಲಿಗೆ ನೋಡಿ ಕೊಟ್ರೋ, ಪಾಪ ಅಂತ ಕೊಟ್ರೋ — ಅದೊಂದು ಗೊತ್ತಾಗ್ಲಿಲ್ಲ."

ನಾನು ಬಗ್ಗಿ ನಟ್ಟು ನೋಡ್ತಾ ಇದ್ದೆ. ಅವಳೇ ಮತ್ತೆ ಅಂದ್ಲು, "ಗಾಬ್ರೀಲಿ ನಾನೇ ಜೋರಾಗಿ ಎಳೆದೆ ಅಂತ ಕಾಣುತ್ತೆ. ಅಲ್ವಾ?"

ಆಗ ಹೇಳಬಹುದಿತ್ತು. ಅಷ್ಟು ಸುಲಭವಾಗಿ ಬಾಗಿಲು ತೆರೆದಿದ್ಲು ಅವಳು. ನಾನು ಹೇಳಿದ್ದು —

"ಹೂಂರಿ. ಸ್ವಲ್ಪ ಮೆತ್ತಗೆ ಎಳೀಬೇಕು."

ಅವತ್ತು ಪೂರ್ತಿ ಬಿಗಿದೆ. ಎರಡನೇ ತಂತಿ ಹಾಕಿದೆ, ನಟ್ಟಿನ ಮೇಲೆ ಇನ್ನೊಂದು ನಟ್ಟು ಕೂರಿಸ್ದೆ. ನನ್ನ ಜನ್ಮದಲ್ಲಿ ಒಂದೂ ಬೋಲ್ಟು ಮಿಗದಂಗೆ ಮಾಡಿದ ಕೆಲಸ ಅದೊಂದೇ. ಅವಳು ಮತ್ತೆ ಬರಲಿಲ್ಲ. ಯಾಕೆ ಬರ್ತಾಳೆ? ಈಗ್ಲೂ ರೋಡಲ್ಲಿ ಮೂರು ಚಕ್ರದ ಸದ್ದು ಕೇಳಿದ್ರೆ ನಟ್ಟು ಬಿಗಿಯೋ ಪಾನಾ ಹಿಡ್ಕಂಡೇ ಹೊರಗೆ ಓಡ್ತೀನಿ. ಗ್ಯಾಸ್ ಸಿಲಿಂಡರ್ ಆಟೋ ಇರುತ್ತೆ. ಆ ಆಟೋದೋನಂತೂ, ನಂಗೆ ಗ್ಯಾಸ್ ಮೇಲೆ ಎಷ್ಟು ಪ್ರೀತಿ ಅಂದ್ಕಂಡಿದ್ದಾನೋ.

ಹೋದ ವಾರ ಅವಳದೊಂದು ವಾಟ್ಸಾಪ್ ಬಂತು. "ತಿಪ್ಪೇಶಿ, ತಂತಿ ಇನ್ನೂ ಕಲ್ಲಿನಂಗೈತೆ. ಇವತ್ತಿಗೂ ಮೆತ್ತಗೇ ಎಳೀತೀನಿ."

ಎರಡು ವರ್ಷ. ದಿನಾ. ಯಾರದೋ ತಪ್ಪಿಗೆ ಹೆದರ್ಕಂಡು, ಮೆತ್ತಗೆ.

ಭಾನುವಾರ ಹಿರಿಯೂರಿಗೆ ಬಸ್ಸಲ್ಲಿ ಹೋಗ್ತೀನಿ. ಪಾನಾ ತಗಂಡು ಹೋಗಲ್ಲ. ಕೈಯಲ್ಲಿ ಪಾನಾ ಇದ್ರೆ ಮತ್ತೆ ಗಾಡಿ ಕೆಳಗೆ ಬಗ್ಗಿ ಮುಖ ಮರೆಸ್ತೀನಿ, ನನ್ನ ನಾನು ಬಲ್ಲೆ. ಅವಳು ಬೈದ್ರೆ ಬೈಸ್ಕಂತೀನಿ. ಭಯ ಇರೋದು ಒಂದಕ್ಕೇ — ಅವಳೂ ನಕ್ಕು, "ತಿಪ್ಪೇಶಿ ಅಲ್ವಾ, ಬಿಡು" ಅಂದ್ಬಿಟ್ರೆ? ಹಂಗೆ ಬಿಡಿಸ್ಕಬಾರ್ದು. ಇದು ಎಡವಟ್ಟಲ್ಲ ಅಂತ ಹೇಳ್ಬೇಕು. ನೆಟ್ಟಗೆ ನಿಂತು, ಮೊದಲ ಸಲ ಹೆಸರು ಹಿಡಿದು ಹೇಳ್ಬೇಕು.

ಸುಜಾತ, ಜೋರಾಗಿ ಎಳೀರಿ. ಅವತ್ತು ನಿಮ್ಮ ಕೈ ಏನೂ ತಪ್ಪು ಮಾಡಿರಲಿಲ್ಲ.